2024ರ ಗೇಮ್‌ಗಳು: ಆಡಿದ್ದಕ್ಕೆ ಪೂರ್ತಿ ಅಂಕ, ನೋಡಿದ್ದಕ್ಕೆ ಅರ್ಧ

ಮಂಡಕ್ಕಿಭಟ್ಟಿ:

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. 2024ರಲ್ಲಿ ಬಂದ ಗೇಮ್‌ಗಳ ಬಗ್ಗೆ ಬರೆಯಬೇಕು ಅಂತ ಮೂರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಇವತ್ತು ಬಿಸಿಲಿಗೆ ಹೊರಗೆ ಕಾಲಿಡಲು ಆಗಲಿಲ್ಲ, ಕೂತು ಬರೆದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಇರುವುದು ಏಳು ವರ್ಷದ ಲ್ಯಾಪ್‌ಟಾಪು. 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರ ಫ್ಯಾನ್ ಜೋರಾದರೆ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಹಾಕಿದಿರಾ ಅಂತ ಕೇಳುತ್ತಾರೆ.

ಡಿಸೆಂಬರ್‌ನಲ್ಲಿ ದಿ ಗೇಮ್ ಅವಾರ್ಡ್ಸ್‌ನವರು ಆಸ್ಟ್ರೋ ಬಾಟ್‌ಗೆ ವರ್ಷದ ಗೇಮ್ ಪ್ರಶಸ್ತಿ ಕೊಟ್ಟರು. ಕಣದಲ್ಲಿ ಆರು ಇದ್ದವು. ಆಸ್ಟ್ರೋ ಬಾಟ್, ಬಲಾಟ್ರೊ, ಬ್ಲ್ಯಾಕ್ ಮಿಥ್ ವುಕಾಂಗ್, ಮೆಟಫರ್, ಫೈನಲ್ ಫ್ಯಾಂಟಸಿ 7 ರೀಬರ್ತ್, ಜೊತೆಗೆ ಎಲ್ಡನ್ ರಿಂಗ್‌ಗೆ ಬಾಲದ ಥರ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ. ಈ ಆರರಲ್ಲಿ ನನ್ನ ಗಿರಣಿಯಲ್ಲಿ ಓಡುವುದು ಒಂದೇ ಒಂದು, ಬಲಾಟ್ರೊ. ನನ್ನ ಪ್ರಕಾರ ವರ್ಷದ ಗೇಮ್ ಅದೇ. ನಗಬೇಡಿ, ಓಡುತ್ತೆ ಅನ್ನೋದಷ್ಟೇ ಕಾರಣ ಅಲ್ಲ.

ಗೊತ್ತಿಲ್ಲದವರಿಗೆ: ಇದು ಇಸ್ಪೀಟು ಎಲೆಯ ಆಟ, ಆದರೆ ಎದುರಾಳಿ ಇಲ್ಲ. ಎರಡು 8ರ ಎಲೆ ಹಾಕಿದಿರಿ ಅಂದುಕೊಳ್ಳಿ. ಜೋಡಿಗೆ 10, ಎಲೆಗಳಿಗೆ 8 ಮತ್ತು 8, ಒಟ್ಟು 26. ಇದನ್ನು 2ರಿಂದ ಗುಣಿಸಿದರೆ 52. ಮೊದಲ ಸುತ್ತಿನ ಗುರಿಯೇ 300, ಕೈಗೆ ಸಿಗುವುದು ನಾಲ್ಕು ಸರದಿ. ಈಗ ಅಂಗಡಿಯಲ್ಲಿ ಎರಡು ಜೋಕರ್ ಕೊಂಡಿದ್ದೀರಿ. ಒಬ್ಬ ಗುಣಿಸುವ ಸಂಖ್ಯೆಗೆ 4 ಕೂಡಿಸುತ್ತಾನೆ, ಇನ್ನೊಬ್ಬ ಜೋಡಿ ಬಿದ್ದರೆ ಅದನ್ನು ಎರಡು ಪಟ್ಟು ಮಾಡುತ್ತಾನೆ. ಕೂಡಿಸುವವನು ಎಡಗಡೆ ಕೂತಿದ್ದರೆ 2ಕ್ಕೆ 4 ಸೇರಿ 6, ಅದರ ಎರಡು ಪಟ್ಟು 12. 26 ಹನ್ನೆರಡಲೆ 312. ಒಂದೇ ಸರದಿಗೆ ಸುತ್ತು ಮುಗೀತು. ಅವರಿಬ್ಬರ ಜಾಗ ಅದಲು ಬದಲು ಮಾಡಿ ನೋಡಿ. 2ರ ಎರಡು ಪಟ್ಟು 4, ಅದಕ್ಕೆ 4 ಸೇರಿದರೆ 8. 26 ಎಂಟಲೆ ಬರೀ 208. ಅದೇ ಎಲೆ, ಅದೇ ಜೋಕರ್, ಕೂತ ಜಾಗ ಮಾತ್ರ ಬೇರೆ. ಇಂಥ ಜೋಕರ್ 150 ಇವೆ. ಎಂಟನೇ ಹಂತದ ಕೊನೆಗೆ ಗುರಿ 1,00,000 ಮುಟ್ಟಿರುತ್ತದೆ. ಇಷ್ಟನ್ನೂ ಮಾಡಿದ್ದು ಕೆನಡಾದ ಒಬ್ಬನೇ ಮನುಷ್ಯ. ಲೋಕಲ್‌ಥಂಕ್ ಅನ್ನೋ ಹೆಸರಲ್ಲಿ ಇರುತ್ತಾನೆ, ನಿಜವಾದ ಹೆಸರು ಹೇಳಿಕೊಂಡಿಲ್ಲ.

ನಮ್ಮಮ್ಮ ಹಿಂದೆ ನಿಂತು ನೋಡಿ, ಇದಕ್ಕೇನಾ ನಿನ್ನ ಓದಿಸಿದ್ದು ಅಂದರು. ಜೂಜಲ್ಲಮ್ಮ, ದುಡ್ಡು ಕಟ್ಟೋ ಹಂಗಿಲ್ಲ ಅಂದರೂ ನಂಬಲಿಲ್ಲ. ಯುರೋಪಿನಲ್ಲಿ ಗೇಮ್‌ಗಳಿಗೆ ವಯಸ್ಸಿನ ಮುದ್ರೆ ಒತ್ತುವ ಪೆಗಿ ಕೂಡ ನಮ್ಮಮ್ಮನ ಥರವೇ ಯೋಚನೆ ಮಾಡಿ 18 ಅಂತ ಒತ್ತಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು 12ಕ್ಕೆ ಇಳಿಸಿದರು. ಅಮ್ಮ ಇನ್ನೂ ಇಳಿಸಿಲ್ಲ.

ಎರಡನೇ ಜಾಗ ಅನಿಮಲ್ ವೆಲ್. 33 ಎಂಬಿ! ನನ್ನ ಅಕ್ಕನ ಮದುವೆಯ ಒಂದು ಫೋಟೋಕ್ಕಿಂತ ಸ್ವಲ್ಪ ಜಾಸ್ತಿ. ಇದನ್ನೂ ಬಿಲ್ಲಿ ಬಾಸ್ಸೋ ಅನ್ನೋ ಒಬ್ಬನೇ ಏಳು ವರ್ಷ ಕೂತು ಮಾಡಿದ್ದು. ಕತ್ತಿ ಇಲ್ಲ, ಬಂದೂಕು ಇಲ್ಲ. ಕೈಗೆ ಸಿಗುವುದು ನೀರಗುಳ್ಳೆ ಬಿಡುವ ಕೋಲು, ಯೋಯೋ, ಪಟಾಕಿ, ಕೊಳಲು. ಅದರಲ್ಲೇ ಕತ್ತಲೆ ಗುಹೆ ಎಲ್ಲ ಸುತ್ತಬೇಕು.

ವುಕಾಂಗ್‌ಗೆ, ಅಂದರೆ ದಂಡ ಹಿಡಿದ ಕೋತಿಯ ಚೀನೀ ಗೇಮ್‌ಗೆ, ಹತ್ತಕ್ಕೆ ಆರು. ನೋಡಲು ಚೆಂದ, ಆದರೆ ಬಾಸ್ (ದಾರಿಗಡ್ಡ ನಿಲ್ಲುವ ದೊಡ್ಡ ಎದುರಾಳಿ), ನಡಿಗೆ, ಮತ್ತೆ ಬಾಸ್. ಆಸ್ಟ್ರೋ ಬಾಟ್‌ಗೆ ಏಳು. ಹೆಲ್‌ಡೈವರ್ಸ್ 2ಕ್ಕೂ ಏಳು. ಮೆಟಫರ್, ಫೈನಲ್ ಫ್ಯಾಂಟಸಿ ನನಗೆ ಸಂಬಂಧ ಇಲ್ಲದ ವಿಷಯ. ನಿಮ್ಮದು ಹೇಳಿ.

ದುರ್ಗದಕಲ್ಲು:

ಒಂದು ಪ್ರಶ್ನೆ. ನಿಮ್ಮ ಲ್ಯಾಪ್‌ಟಾಪ್ 8 ಜಿಬಿ, ಕಾರ್ಡ್ ಇಲ್ಲ ಅಂತ ನೀವೇ ಬರೆದಿದ್ದೀರಿ. ವುಕಾಂಗ್‌ಗೆ ಕಮ್ಮಿ ಅಂದರೂ 16 ಜಿಬಿ ರ‍್ಯಾಮ್, 1060 ಕಾರ್ಡ್, 130 ಜಿಬಿ ಜಾಗ ಬೇಕು. ಹತ್ತಕ್ಕೆ ಆರು ಯಾವ ಕಂಪ್ಯೂಟರಿನಲ್ಲಿ ಆಡಿ ಕೊಟ್ಟಿರಿ ಸಾರ್?

ಮಂಡಕ್ಕಿಭಟ್ಟಿ:

ಆಡಿಲ್ಲ. ಯೂಟ್ಯೂಬಿನಲ್ಲಿ ನಾಲ್ಕು ಗಂಟೆ ನೋಡಿದ್ದೇನೆ.

ದುರ್ಗದಕಲ್ಲು:

ನಾಲ್ಕು ಗಂಟೆ ಯಾರೋ ಬೆಣ್ಣೆದೋಸೆ ತಿನ್ನುವುದನ್ನು ನೋಡಿ ದೋಸೆಗೆ ಅಂಕ ಕೊಟ್ಟ ಹಾಗಾಯಿತು.

ಐದನೇಸೆಮ್:

😂😂 ಮುಗೀತು ಕಥೆ. ಹೆಡ್ಡಿಂಗ್‌ನಲ್ಲೇ ನೋಡಿದ್ದಕ್ಕೆ ಅರ್ಧ ಅಂತ ಇದೆಯಲ್ಲ ಅಣ್ಣ, ಹಂಗಾದರೆ ನಿಮ್ಮ ಆರು ಅಂಕ ಈಗ ಮೂರಾ, ಇಲ್ಲ ನಿಮ್ಮ ಮಾತಿಗೇ ಅರ್ಧ ಬೆಲೆನಾ?

ಮಂಡಕ್ಕಿಭಟ್ಟಿ:

ಎರಡನೆಯದು. ಒಪ್ಪಿದೆ. ಆದರೆ ನನ್ನದೂ ಒಂದು ಪ್ರಶ್ನೆ ಇದೆ. ಗೇಮ್ ಒಂದಕ್ಕೇ ಮೂರು ಸಾವಿರಕ್ಕಿಂತ ಜಾಸ್ತಿ ದುಡ್ಡು, ಅದನ್ನು ಓಡಿಸುವ ಪೆಟ್ಟಿಗೆಗೆ ಮತ್ತೆ ಎಷ್ಟೋ ಸಾವಿರ. ನಮ್ಮ ಥರದವರು ಆ ಗೇಮ್ ಬಗ್ಗೆ ಬಾಯಿ ಮುಚ್ಚಿಕೊಂಡು ಇರಬೇಕಾ? ನಮ್ಮೂರಲ್ಲಿ ಎಷ್ಟು ಜನರ ಮನೆಯಲ್ಲಿ ಓಡುತ್ತೆ ಅನ್ನುವುದೂ ಗೇಮಿನ ಗುಣವೇ ಅಂತ ನನ್ನ ವಾದ. ಬಲಾಟ್ರೊ ಫೋನಿನಲ್ಲೂ ಬಂತು, ಒಂದು ಸಲ ದುಡ್ಡು ಕೊಟ್ಟರೆ ಮುಗೀತು, ಜಾಹೀರಾತು ಇಲ್ಲ. ಕರೆಂಟು ಹೋದರೂ ಹೆಚ್ಚು ಕಮ್ಮಿ ನಿಂತಲ್ಲಿಂದಲೇ ಮುಂದುವರಿಸಬಹುದು. ಈ ಬೇಸಿಗೆಯಲ್ಲಿ ಇದಕ್ಕಿಂತ ದೊಡ್ಡ ಗುಣ ಏನಿದೆ ಹೇಳಿ.

ದುರ್ಗದಕಲ್ಲು:

ಓಡುವುದು ಗೇಮಿನ ಗುಣ ಅನ್ನೋದನ್ನು ಒಪ್ಪುತ್ತೇನೆ. ಓಡದಿದ್ದರೆ ಅದು ಗೇಮಿನ ದೋಷ ಅನ್ನೋದನ್ನು ಒಪ್ಪಲ್ಲ. ಕೋಟೆ ಹತ್ತಲು ಮಂಡಿ ನೋವು ಅಂತ ಕೋಟೆಗೆ ಕಮ್ಮಿ ಅಂಕ ಕೊಡ್ತೀರಾ?

ನಾನು ವುಕಾಂಗ್ ಪೂರ್ತಿ ಮುಗಿಸಿದ್ದೇನೆ, ಆರೂ ಅಧ್ಯಾಯ. ಅದರಲ್ಲಿ ಏನು ಬೇಜಾರು ಅಂತಲೂ ಹೇಳಬಲ್ಲೆ, ಯಾಕಂದರೆ ಆಡಿದ್ದೇನೆ. ಗೇಮ್ ಬಂದಾಗ ಮ್ಯಾಪ್ ಕೊಟ್ಟಿರಲಿಲ್ಲ, ಅದು ಮೊದಲನೆಯದು. ಎರಡನೆಯದು ಕಾಣದ ಗೋಡೆಗಳು. ಎದುರಿಗೆ ಒಂದು ಬಂಡೆ ಇದೆ, ಪುಟ್ಟ ಹುಡುಗನೂ ಹತ್ತಬಹುದು, ಆದರೆ ದಂಡ ಹಿಡಿದ ನಮ್ಮ ಕೋತಿಗೆ ಆಗಲ್ಲ, ಗಾಜಿಗೆ ಹಣೆ ಹೊಡೆದ ಹಾಗೆ ಅಲ್ಲೇ ನಿಲ್ಲುತ್ತೆ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಬಂಡೆ ಹತ್ತಬಹುದು. ದುರ್ಗದವನಿಗೆ ಬಂಡೆ ವಿಷಯದಲ್ಲಿ ಮೋಸ ಮಾಡಿದರೆ ಸಿಟ್ಟು ಬರುತ್ತೆ.

ಆದರೆ ಎರಡನೇ ಅಧ್ಯಾಯ ಇದೆಯಲ್ಲ. ಬರೀ ಹಳದಿ ಮರಳು, ಗಾಳಿ. ಅಲ್ಲಿ ತಲೆಯೇ ಇಲ್ಲದ ಒಬ್ಬ ಸನ್ಯಾಸಿ ಮೂರು ತಂತಿಯ ವಾದ್ಯ ಹಿಡಿದು ಕೂತು ಹಾಡುತ್ತಾನೆ. ಚೀನಾದ ಉತ್ತರ ಶಾಂಕ್ಸಿ ಕಡೆ ಹಳ್ಳಿಗಳಲ್ಲಿ ಕಥೆ ಹೇಳುವ ಹಾಡಿನ ಧಾಟಿ ಅದು. ಒಂದು ಪದ ಅರ್ಥ ಆಗಲಿಲ್ಲ, ಆದರೂ ನಾನು ಕಂಟ್ರೋಲರ್ ಕೆಳಗಿಟ್ಟೆ. ನಮ್ಮ ಕಡೆ ಜಾತ್ರೆಯಲ್ಲಿ ತತ್ವಪದ ಹಾಡುವ ಮುದುಕರ ಗಂಟಲು ಹೇಗೆ ಒಡೆದು ಮೇಲೆ ಹೋಗುತ್ತೋ ಅದೇ ಥರ. ವಿಡಿಯೋದಲ್ಲಿ ನೋಡಿದವರು ಬಹುಶಃ ಮುಂದಕ್ಕೆ ಓಡಿಸಿರುತ್ತಾರೆ.

ಮಂಡಕ್ಕಿಭಟ್ಟಿ:

ಓಡಿಸಿದ್ದೆ.

ಎರಡನೇಪಾಳಿ:

ನನ್ನದು ಬೇರೆ ತಕರಾರು, ಅದು ಬಲಾಟ್ರೊ ಮೇಲೆ. ನಾನು ಆಸ್ಪತ್ರೆಯಲ್ಲಿ ಎರಡನೇ ಪಾಳಿ ಕೆಲಸ ಮಾಡುವವಳು, ಮನೆಗೆ ಬರುವಾಗ ರಾತ್ರಿ ಹತ್ತು. ಊಟ ಮಾಡಿ ಅರ್ಧ ಗಂಟೆ ಆಡಿ ಮಲಗೋಣ ಅಂತ ಹಾಕಿಕೊಂಡಿದ್ದು. ಒಂದು ತಿಂಗಳು ದಿನಾ ಎರಡು ಗಂಟೆಗೆ ಮಲಗಿದೆ. ಸೋತರೆ ಇನ್ನೊಂದೇ ಒಂದು ಆಟ, ಗೆದ್ದರೆ ಇನ್ನೂ ಕಷ್ಟದ ಆಟ ಎದುರಿಗೆ ಬರುತ್ತೆ, ನಿಲ್ಲಿಸಲು ಒಳ್ಳೆ ಜಾಗವೇ ಇಲ್ಲ. ದುಡ್ಡು ಹೋಗಲ್ಲ, ನಿಜ. ನಿದ್ದೆ ಹೋಗುತ್ತೆ. ನಿಮ್ಮಮ್ಮ ಹೇಳಿದ್ದರಲ್ಲಿ ಪೂರ್ತಿ ತಪ್ಪೇನಿಲ್ಲ. ಆ ಅಂಕಿಗಳು ಬೆಂಕಿ ಹತ್ತಿಕೊಂಡು ಉರಿಯುವುದು, ಟಣ್ ಟಣ್ ಸದ್ದು, ಅಂಗಡಿಯಲ್ಲಿ ಲಕೋಟೆ ಹರಿಯುವುದು, ಇವೆಲ್ಲ ಜೂಜಿನ ಮನೆಯಿಂದ ಎತ್ತಿಕೊಂಡ ಸಾಮಾನೇ ಅಲ್ವಾ. ಚೆನ್ನಾಗಿ ಮಾಡಿದ್ದಾನೆ ಅನ್ನುವುದೇ ನನ್ನ ದೂರು. ಕೊನೆಗೆ ಫೋನಿನಿಂದ ತೆಗೆದೆ.

ನನ್ನ ವರ್ಷದ ಗೇಮ್ ಯಾರೂ ಹೆಸರೇ ಎತ್ತದ ಒಂದು: ಪ್ರಿನ್ಸ್ ಆಫ್ ಪರ್ಷಿಯಾ, ದಿ ಲಾಸ್ಟ್ ಕ್ರೌನ್. ಜನವರಿಯಲ್ಲೇ ಬಂತು, ಡಿಸೆಂಬರ್ ಹೊತ್ತಿಗೆ ಎಲ್ಲರೂ ಮರೆತರು. ದೊಡ್ಡ ಕೋಟೆಯಂಥ ಬೆಟ್ಟದಲ್ಲಿ ಸುತ್ತುವ ಆಟ. ಬಾಗಿಲು ಮೊದಲು ಕಾಣುತ್ತೆ, ಅದನ್ನು ತೆಗೆಯುವ ವಿದ್ಯೆ ಎಷ್ಟೋ ಗಂಟೆ ಆದಮೇಲೆ ಸಿಗುತ್ತೆ. ಅಷ್ಟರಲ್ಲಿ ಬಾಗಿಲು ಎಲ್ಲಿತ್ತು ಅಂತ ಮರೆತಿರುತ್ತೇವೆ. ಇದರಲ್ಲಿ ಒಂದು ಗುಂಡಿ ಒತ್ತಿದರೆ ನಿಂತ ಜಾಗದ ಫೋಟೋ ತೆಗೆದು ಮ್ಯಾಪಿಗೆ ಅಂಟಿಸುತ್ತೆ. ಅಷ್ಟೇ. ಮೂರು ದಿನ ಡ್ಯೂಟಿ ಮುಗಿಸಿ ಬಂದರೂ ಓಹೋ ಇಲ್ಲಿ ಒಂದು ಉಂಗುರ ನೇತಾಡುತ್ತಿತ್ತು ಅಂತ ನೆನಪಾಗುತ್ತೆ. ಕೆಲಸಕ್ಕೆ ಹೋಗುವವರನ್ನು ನೆನಪಿಟ್ಟುಕೊಂಡು ಮಾಡಿದ ಗೇಮ್ ಅನಿಸಿತು. ಇಷ್ಟು ಚೆನ್ನಾಗಿ ಮಾಡಿದ ಆ ತಂಡವನ್ನು ಯೂಬಿಸಾಫ್ಟ್ ಅದೇ ವರ್ಷ ಚದುರಿಸಿ ಬೇರೆ ಬೇರೆ ಕೆಲಸಕ್ಕೆ ಹಾಕಿತು. ಮಾರಾಟ ಅವರು ಅಂದುಕೊಂಡಷ್ಟು ಆಗಲಿಲ್ಲವಂತೆ.

ಮಂಡಕ್ಕಿಭಟ್ಟಿ:

ಅಕ್ಕ, ನಿದ್ದೆ ಮಾತು ಒಪ್ಪುತ್ತೇನೆ. ಆದರೆ ಜೂಜಿನ ಮಾತಿಗೆ ಒಂದು ಉತ್ತರ ಇದೆ. ಜೂಜಿನಲ್ಲಿ ಆಡಿಸುವವನು ಲೆಕ್ಕ ಮುಚ್ಚಿಡುತ್ತಾನೆ. ಇಲ್ಲಿ ಪ್ರತಿ ಜೋಕರಿನ ಮೇಲೂ ಅವನು ಏನು ಮಾಡುತ್ತಾನೆ ಅಂತ ಬರೆದಿದೆ, ನಿಮ್ಮ ಕಟ್ಟಿನಲ್ಲಿ ಯಾವ ಎಲೆ ಉಳಿದಿದೆ ಅಂತ ಯಾವಾಗ ಬೇಕಾದರೂ ತೆರೆದು ನೋಡಬಹುದು. ಬೇಡದ ಎಲೆ ಸುಟ್ಟು ಹಾಕಿ ಬೇಕಾದ್ದನ್ನೇ ತುಂಬಿಸಬಹುದು. ನಾಲ್ಕು ಆಸಿನ ಬದಲು ಐದು ಆಸು ಹಾಕಿ ಆಡಬಹುದು! ಯಾವ ಕ್ಲಬ್ಬಿನಲ್ಲಿ ಬಿಡ್ತಾರೆ ಹೇಳಿ. ಇದು ಇಸ್ಪೀಟಿಗೇ ಮೋಸ ಮಾಡುವ ಆಟ.

ಎರಡನೇಪಾಳಿ:

ಅದೆಲ್ಲ ಸರಿ. ಬೆಳಗ್ಗೆ ಎಷ್ಟಕ್ಕೆ ಏಳ್ತೀಯ?

ಮಂಡಕ್ಕಿಭಟ್ಟಿ:

ಆ ವಿಷಯ ಬೇಡ ಬಿಡಿ.

ಐದನೇಸೆಮ್:

ನೀವೆಲ್ಲ ಒಬ್ಬೊಬ್ಬರೇ ಕೂತು ಆಡೋರು. 2024 ಅಂದರೆ ನಮ್ಮ ಹಾಸ್ಟೆಲಿಗೆ ಹೆಲ್‌ಡೈವರ್ಸ್ 2, ಅಷ್ಟೇ. ಫೆಬ್ರವರಿಯಿಂದ ಪರೀಕ್ಷೆವರೆಗೂ ನಾಲ್ಕು ಜನ ನಾಲ್ಕು ರೂಮು, ಗೋಡೆ ಆಚೆಯಿಂದಲೇ ಕೂಗಾಟ. ಬಾಂಬು ತರಿಸಬೇಕಾದರೆ ಬಾಣದ ಗುರುತು ಒಂದಾದಮೇಲೆ ಒಂದು ಸರಿಯಾಗಿ ಒತ್ತಬೇಕು, ಮೇಲೆ ಕೆಳಗೆ ಬಲ ಎಡ ಅಂತ. ಎದುರಿಗೆ ಆನೆಯಂಥ ಹುಳ ಓಡಿ ಬರುವಾಗ ಕೈ ನಡುಗಿ ತಪ್ಪಾಗುತ್ತೆ. ಆಮೇಲೆ ಬಾಂಬು ಬಿದ್ದಾಗ ಹುಳದ ಜೊತೆ ಗೆಳೆಯನೂ ಸಾಯುತ್ತಾನೆ. ನಮ್ಮವರ ಗುಂಡು ನಮಗೆ ತಾಗಲ್ಲ ಅನ್ನೋ ರಿಯಾಯಿತಿ ಈ ಗೇಮಿನಲ್ಲಿ ಇಲ್ಲವೇ ಇಲ್ಲ. ನಾನು ಒಂದೇ ರಾತ್ರಿ ರೂಮ್‌ಮೇಟನ್ನು ಏಳು ಸಲ ಕೊಂದೆ, ಬೆಳಗ್ಗೆ ಅವನೇ ಟೀ ಕೊಡಿಸಿದ.

ಮೇ ತಿಂಗಳ ಗಲಾಟೆ ನೆನಪಿದೆಯಾ? ಪಿಸಿಯಲ್ಲಿ ಆಡುವವರೂ ತನ್ನ ಪ್ಲೇಸ್ಟೇಷನ್ ಖಾತೆ ಮಾಡಿಕೊಳ್ಳಲೇಬೇಕು ಅಂತ ಗೇಮ್ ಹೊರತಂದ ಸೋನಿ ಹೇಳಿತು. ಆ ಖಾತೆ ಸಿಗದ ದೇಶಗಳೇ ನೂರಕ್ಕಿಂತ ಜಾಸ್ತಿ, ಅಲ್ಲೆಲ್ಲ ಗೇಮ್ ಮಾರುವುದನ್ನೇ ನಿಲ್ಲಿಸಿದರು. ನಮ್ಮ ದೇಶದಲ್ಲಿ ಖಾತೆ ಸಿಗುತ್ತೆ, ನಮಗೇನೂ ನಷ್ಟ ಇರಲಿಲ್ಲ. ಆದರೂ ನಾವೂ ಹೋಗಿ ಕೆಟ್ಟ ರಿವ್ಯೂ ಹಾಕಿ ಬಂದೆವು, ಆಟದಲ್ಲಿ ಜೊತೆ ನಿಂತವರು ಬೇರೆ ದೇಶದವರು ಅಲ್ವಾ. ಎರಡು ಲಕ್ಷಕ್ಕೂ ಮೇಲೆ ಕೆಟ್ಟ ರಿವ್ಯೂ ಬಿದ್ದವು, ಮೂರೇ ದಿನಕ್ಕೆ ಸೋನಿ ಹಿಂದೆ ಸರಿಯಿತು.

ಅದೇ ಕಂಪನಿಯ ಕಾನ್‌ಕಾರ್ಡ್ ಅನ್ನೋ ಗೇಮ್ ನೋಡಿ. ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿದರು, ಕೊಂಡವರಿಗೆಲ್ಲ ದುಡ್ಡು ವಾಪಸ್. ನಮ್ಮ ಹಾಸ್ಟೆಲಿನ ಮೆಸ್ ಕಮಿಟಿ ಕೂಡ ಅದಕ್ಕಿಂತ ಜಾಸ್ತಿ ದಿನ ಬಾಳಿತ್ತು.

ಪಾಲ್‌ವರ್ಲ್ಡ್ ಬಗ್ಗೆ ಎರಡೇ ಮಾತು. ಪೋಕೆಮಾನ್ ಥರದ ಮುದ್ದು ಪ್ರಾಣಿಗಳ ಕೈಗೆ ಬಂದೂಕು ಕೊಟ್ಟು ಕಾರ್ಖಾನೆಯಲ್ಲಿ ದುಡಿಸುವುದು. ಹತ್ತು ದಿನ ಹುಚ್ಚು, ಹನ್ನೊಂದನೇ ದಿನ ಯಾರೂ ತೆರೆಯಲಿಲ್ಲ. ಸೆಪ್ಟೆಂಬರಿನಲ್ಲಿ ನಿಂಟೆಂಡೊ ಪೇಟೆಂಟ್ ಕೇಸು ಹಾಕಿತು, ಮುಂದಿನದು ವಕೀಲರ ಆಟ.

ಗಾಜಿನಮನೆ:

ಆಸ್ಟ್ರೋ ಬಾಟ್‌ಗೆ ಏಳು ಅಂಕ ಕೊಟ್ಟವರು ಕೂಡ ಅದನ್ನು ಮುಟ್ಟಿಲ್ಲ ಅನ್ನುವುದು ಗೊತ್ತೇ ಆಯಿತು. ಅದನ್ನು ನೋಡಿ ಅಂಕ ಕೊಡುವುದಂತೂ ಸಾಧ್ಯವೇ ಇಲ್ಲ, ಯಾಕಂದರೆ ಆ ಗೇಮಿನ ಅರ್ಧ ಇರುವುದು ಕೈಯಲ್ಲಿ. ಅದರ ಪುಟ್ಟ ರೋಬಾಟ್ ಮರಳಿನ ಮೇಲೆ ನಡೆದರೆ ಕಂಟ್ರೋಲರ್ ಒಂದು ಥರ ನಡುಗುತ್ತೆ, ಲೋಹದ ಮೇಲೆ ಇನ್ನೊಂದು ಥರ. ಮಳೆ ಬಿದ್ದರೆ ಅಂಗೈ ಮೇಲೆ ಹನಿ ಬಿದ್ದ ಹಾಗೇ. ಇದನ್ನು ಯೂಟ್ಯೂಬು ಹೇಗೆ ತೋರಿಸುತ್ತೆ?

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಪ್ಲೇಸ್ಟೇಷನ್ 5 ತಗೊಂಡಿದ್ದು ಕಂತಿನಲ್ಲಿ, ಮನೆಯಲ್ಲಿ ಬೈಸಿಕೊಂಡು. ಏಳು ವರ್ಷದ ಮಗಳ ಜೊತೆ ಆಡಿದೆ. ಇಲಿಯ ಸಹಾಯದಿಂದ ಚಿಕ್ಕದಾಗುವ ಒಂದು ಹಂತ ಇದೆ. ಗುಂಡಿ ಒತ್ತಿದರೆ ಪುಟಾಣಿ ಆಗಿ ಮರದ ತೊಗಟೆ ಸಂದಿಯಲ್ಲಿ ನುಗ್ಗಬಹುದು, ಆಮೇಲೆ ಮತ್ತೆ ದೊಡ್ಡದಾಗಬಹುದು. ಅವಳು ಗೇಮ್ ಮುಂದುವರಿಸಲೇ ಇಲ್ಲ, ಬರೀ ಚಿಕ್ಕದಾಗುವುದು ದೊಡ್ಡದಾಗುವುದು, ನಲವತ್ತು ನಿಮಿಷ. ಇದನ್ನು ಮಾಡಿದವರು ಜಪಾನಿನ ಟೀಮ್ ಅಸೋಬಿ. ಒಂದು ಉಪಾಯ ಹುಡುಕುತ್ತಾರೆ, ಅದು ಹಳಸುವ ಮೊದಲೇ ಎಸೆದು ಹೊಸದು ತರುತ್ತಾರೆ. ಇಂಥ ಧಾರಾಳ ಕೈ ನಾನು ಈಚೆಗೆ ನೋಡಿಲ್ಲ.

ಐದನೇಸೆಮ್:

ಸಾರ್, ಅದು ಪ್ಲೇಸ್ಟೇಷನ್‌ನವರು ತಮಗೆ ತಾವೇ ಮಾಡಿಕೊಂಡ ಜಾಹೀರಾತು ಅಂತಾರಲ್ಲ? 300 ಪುಟ್ಟ ರೋಬಾಟ್ ಕಾಪಾಡಬೇಕು, ಅದರಲ್ಲಿ ನೂರೈವತ್ತಕ್ಕಿಂತ ಜಾಸ್ತಿ ಪ್ಲೇಸ್ಟೇಷನ್‌ನ ಹಳೇ ಗೇಮ್‌ಗಳ ವೇಷ ಹಾಕಿಕೊಂಡು ನಿಂತಿರುತ್ತವೆ.

ಗಾಜಿನಮನೆ:

ಅಂತಾರೆ, ಸುಳ್ಳೇನಲ್ಲ. ಆದರೆ ತಮಾಷೆ ಕೇಳಿ. ಅವುಗಳಲ್ಲಿ ನನಗೆ ಗುರುತು ಸಿಕ್ಕಿದ್ದು ಹದಿನೈದೋ ಇಪ್ಪತ್ತೋ. ನಮ್ಮ ಕಾಲದಲ್ಲಿ ದಾವಣಗೆರೆಯಲ್ಲಿ ಪ್ಲೇಸ್ಟೇಷನ್ ಯಾರ ಮನೇಲಿತ್ತು? ಟಿವಿ ಗೇಮು, ಹಳದಿ ಕ್ಯಾಸೆಟ್ಟು, ಮೇಲೆ 9999 ಆಟ ಅಂತ ಬರೆದಿರೋದು, ಒಳಗೆ ಇರೋದು ಆರೇ ಆಟ. ಕ್ಯಾಸೆಟ್ಟಿಗೆ ಊದಿ ಊದಿ ಹಾಕಬೇಕು. ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡೆಯೋದು. ನನಗೆ ಆ ಹಳೇ ನೆನಪು ಯಾವುದೂ ಕೆಲಸ ಮಾಡಲಿಲ್ಲ, ಮಗಳಿಗಂತೂ ಇಲ್ಲವೇ ಇಲ್ಲ. ಆದರೂ ಇಬ್ಬರಿಗೂ ಇಷ್ಟ ಆಯಿತು. ಜಾಹೀರಾತಾಗಿ ನಮ್ಮ ಮೇಲೆ ಸೋತಿತು, ಆಟವಾಗಿ ಗೆದ್ದಿತು ಅನ್ನಬೇಕು.

ಮಂಡಕ್ಕಿಭಟ್ಟಿ:

ಸರಿ, ಆಸ್ಟ್ರೋ ಬಾಟ್‌ನ ಅಂಕ ವಾಪಸ್ ತಗೊಂಡೆ. ಹೆಲ್‌ಡೈವರ್ಸ್‌ದೂ. ವುಕಾಂಗ್‌ದು ಮಾತ್ರ ಸುಮ್ನೆ ಬಿಟ್ಟುಕೊಡಲ್ಲ.

ಕಿಂಡಿಮೇಷ್ಟ್ರು:

ನಾನು ಚಿತ್ರದುರ್ಗದ ಕಡೆ ಮೇಷ್ಟ್ರು. ಗೇಮು ಕಮ್ಮಿ, ಓದೋದು ಜಾಸ್ತಿ, ತಪ್ಪಿದ್ದರೆ ತಿದ್ದಿ. ವುಕಾಂಗ್ ಬಗ್ಗೆ ನನಗೆ ಇಷ್ಟವಾದ ಸಂಗತಿ ಬೇರೆ. ಅದರಲ್ಲಿ ಬರುವ ಗುಡಿ, ಗೋಪುರ, ಬುದ್ಧನ ಮೂರ್ತಿ ಎಲ್ಲ ಚೀನಾದ ನಿಜವಾದ ಜಾಗಗಳಿಂದ ತಗೊಂಡವು. 36 ಜಾಗ, ಅದರಲ್ಲಿ 27 ಶಾನ್ಷಿ ಅನ್ನುವ ಒಂದೇ ಪ್ರಾಂತ್ಯದವು. (ನಮ್ಮ ದುರ್ಗದ ಕಲ್ಲಪ್ಪ ಮೇಲೆ ಹೇಳಿದ ಶಾಂಕ್ಸಿ ಬೇರೆ, ಅದು ಪಕ್ಕದ ಪ್ರಾಂತ್ಯ.) ಗೇಮ್ ಬಂದಮೇಲೆ ಅಲ್ಲಿಗೆ ಜನ ಮುಗಿಬಿದ್ದರು. ನಮ್ಮ ಹುಡುಗರು ಯಾವಾಗ ಓಬವ್ವನ ಕಿಂಡಿಯ ಮೇಲೆ ಒಂದು ಗೇಮ್ ಮಾಡುತ್ತಾರೆ ಅಂತ ಕಾಯುತ್ತಿದ್ದೇನೆ.

ದುರ್ಗದಕಲ್ಲು:

ಮೇಷ್ಟ್ರೇ, ಇದನ್ನೇ ನಾನು ಎಷ್ಟೋ ಸಲ ಹೇಳಿದ್ದೇನೆ. ವುಕಾಂಗ್ ಥರವೇ ಮಾಡಬೇಕು. ಏಳು ಸುತ್ತಿನ ಕೋಟೆ, ಸುತ್ತಿಗೊಂದು ಬಾಸ್, ಕೊನೆಗೆ ಹೈದರಾಲಿ. ಕೈಯಲ್ಲಿ ಒನಕೆ. ವುಕಾಂಗ್ ಕೈಯಲ್ಲಿ ಇರುವುದೂ ಒಂದು ದಂಡವೇ ಅಲ್ವಾ.

ಐದನೇಸೆಮ್:

ಅಣ್ಣ, ಅದಕ್ಕೆ ದುಡ್ಡು? ವುಕಾಂಗ್ ಮೊದಲು ತೋರಿಸಿದ್ದು 2020ರಲ್ಲಿ, ಬಂದಿದ್ದು 2024ಕ್ಕೆ. ಅವರಿಗೆ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಹೋಯಿತು. ನಮ್ಮಲ್ಲಿ ಪುಣೆಯವರು ಇಂಡಸ್ ಅಂತ ಒಂದು ತಂದರು, ಅಕ್ಟೋಬರ್‌ನಲ್ಲಿ, ಫೋನಿಗೆ. ನಮ್ಮ ದೇಶದ ಬಣ್ಣ ಬಳಿದ ಬ್ಯಾಟಲ್ ರಾಯಲ್, ಅಂದರೆ ಕೊನೆಗೆ ಉಳಿದವರೇ ಗೆಲ್ಲುವ ಹೊಡೆದಾಟ. ಒಂದು ವಾರ ಆಡಿದೆವು, ಕೆಟ್ಟದೇನಲ್ಲ, ಆಮೇಲೆ ಎಲ್ಲರೂ ಪಬ್‌ಜಿ ಥರದ್ದೇ ಆದ ಬಿಜಿಎಂಐಗೇ ವಾಪಸ್. ಗೆಳೆಯರು ಎಲ್ಲಿದ್ದಾರೋ ಅಲ್ಲೇ ಆಡೋದು ನಾವು.

ಕಿಂಡಿಮೇಷ್ಟ್ರು:

ಬಾಸ್ ಗೀಸ್ ನನಗೆ ಸರಿ ಕಾಣಲ್ಲ. ಓಬವ್ವ ಯುದ್ಧ ಮಾಡಲಿಲ್ಲಪ್ಪ, ಕಾದಳು. ಕಥೆ ಏನು? ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಬಂದಳು, ಕಿಂಡಿಯ ಕಡೆ ಸದ್ದು ಕೇಳಿಸಿತು. ಒಬ್ಬೊಬ್ಬನೇ ತೆವಳಿಕೊಂಡು ಬರಬೇಕು, ಅಷ್ಟು ಸಣ್ಣ ಸಂದಿ. ತಲೆ ಹೊರಗೆ ಬಂದಾಗ ಹೊಡೆಯಬೇಕು, ಹೆಣವನ್ನು ಪಕ್ಕಕ್ಕೆ ಎಳೆಯಬೇಕು, ಇಲ್ಲದಿದ್ದರೆ ಹಿಂದಿನವನಿಗೆ ಗೊತ್ತಾಗುತ್ತೆ. ಸದ್ದು ಮಾಡಬಾರದು, ತಡವೂ ಮಾಡಬಾರದು. ಇದಕ್ಕೆ ಒಂದೇ ಕೋಣೆ, ಒಂದು ತೂತು, ಕಿವಿ ಸಾಕು. ಏಳು ಬಾಸ್ ಯಾಕೆ?

ಮಂಡಕ್ಕಿಭಟ್ಟಿ:

ಮೇಷ್ಟ್ರೇ ಕೈ ಕೊಡಿ! ನೀವು ಹೇಳುತ್ತಿರುವುದು ಅನಿಮಲ್ ವೆಲ್. ಅದರಲ್ಲಿ ನಾನು ಒಂದು ಗುಡ್ಡೆ ಉಂಡೆಯಂಥ ಜೀವಿ, ಹೊಡೆಯಲು ಏನೂ ಇಲ್ಲ. ದೆವ್ವದಂಥ ನಾಯಿ ಅಟ್ಟಿಸಿಕೊಂಡು ಬರುತ್ತೆ, ಪಟಾಕಿ ಹಚ್ಚಿ ಹೆದರಿಸಬೇಕು. ಸದ್ದು ಕೇಳಿಸಿಕೊಂಡೇ ದಾರಿ ಗೊತ್ತಾಗುವ ಜಾಗಗಳಿವೆ. ಸೇವ್ ಮಾಡಲು ಹಳೇ ಟೆಲಿಫೋನು. ಮೊದಲ ಸಲ ಮುಗಿದಾಗ ಇಷ್ಟೇನಾ ಅನಿಸುತ್ತೆ. ಆಮೇಲೆ ನೋಡಿದರೆ ಗೋಡೆ ಅಂದುಕೊಂಡಿದ್ದು ಗೋಡೆಯೇ ಅಲ್ಲ, ಹಿಂದೆ ಇನ್ನೊಂದು ಕಿಂಡಿ, ಅದರ ಹಿಂದೆ ಇನ್ನೊಂದು. ನಮ್ಮ ಕೋಟೆಗೆ ಹೇಳಿ ಮಾಡಿಸಿದ ಹಾಗಿದೆ.

ದುರ್ಗದಕಲ್ಲು:

ಕೋಟೆ "ನಮ್ಮದು". ದಾವಣಗೆರೆಯವರು 1997ರಲ್ಲೇ ಬೇರೆ ಜಿಲ್ಲೆ ಮಾಡಿಕೊಂಡು ಹೋದಿರಿ.

ಎರಡನೇಪಾಳಿ:

ಶುರುವಾಯ್ತು.

ಕಿಂಡಿಮೇಷ್ಟ್ರು:

ಜಿಲ್ಲೆ ಜಗಳ ಆಮೇಲೆ. ಇನ್ನೊಂದು ವಿಷಯ ಹೇಳುತ್ತೇನೆ. ಕೋಟೆಯ ಹೊಂಡಗಳನ್ನು ನೋಡಿದ್ದೀರಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಮಳೆ ನೀರು ಒಂದು ಹನಿ ಬಿಡದ ಹಾಗೆ ಮಾಡಿದ್ದಾರೆ. ಇದನ್ನೇ ಗೇಮಿನ ಲೆಕ್ಕ ಮಾಡಬಹುದು. ಮೇಲೆ ಒಂದು ತೂಬು ತೆಗೆದರೆ ಕೆಳಗೆ ಎಲ್ಲೋ ಒಂದು ದಾರಿ ಮುಳುಗುತ್ತೆ, ಇನ್ನೆಲ್ಲೋ ಒಂದು ತೆರೆಯುತ್ತೆ. ಬಾಗಿಲುಗಳೂ ಅಷ್ಟೆ, ಒಂದರ ಎದುರು ಒಂದು ನೇರ ಇಲ್ಲ, ಒಳಗೆ ಬಂದವನು ತಿರುಗಲೇಬೇಕು, ತಿರುಗುವಾಗ ಮೇಲಿನಿಂದ ಹೊಡೆಯಬಹುದು. ನೂರಾರು ವರ್ಷದ ಹಿಂದೆ ಕಟ್ಟಿದವರು ನಿಮ್ಮ ಗೇಮ್‌ನವರಿಗಿಂತ ಮೊದಲೇ ಇದನ್ನೆಲ್ಲ ಯೋಚಿಸಿದ್ದಾರೆ.

ಐದನೇಸೆಮ್:

ಮೇಷ್ಟ್ರೇ ಇದನ್ನು ನಾನು ಫೈನಲ್ ಇಯರ್ ಪ್ರಾಜೆಕ್ಟ್ ಮಾಡಬಹುದಾ? ತಮಾಷೆ ಅಲ್ಲ. 33 ಎಂಬಿ ಒಳಗೆ.

ಕಿಂಡಿಮೇಷ್ಟ್ರು:

ಮೊದಲು ಕೋಟೆ ಹತ್ತಪ್ಪ. ಎಂಬಿ ಆಮೇಲೆ.

ದುರ್ಗದಕಲ್ಲು:

ಮಂಡಕ್ಕಿಭಟ್ಟಿ, ಜಗಳ ಬೇಡ. ಈ ಭಾನುವಾರ ದುರ್ಗಕ್ಕೆ ಬಾ. ನನ್ನ ಪಿಸಿಯಲ್ಲಿ ವುಕಾಂಗ್ ಹೊಸದಾಗಿ ಶುರು ಮಾಡಿಕೊಡುತ್ತೇನೆ. ಆಮೇಲೆ ಆರಾದರೂ ಕೊಡು, ಎರಡಾದರೂ ಕೊಡು. ಬರುವಾಗ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಾ, ನಿಮ್ಮೂರಿನ ರುಚಿ ಇಲ್ಲಿ ಬರಲ್ಲ ಅನ್ನುವುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಮಂಡಕ್ಕಿಭಟ್ಟಿ:

(ಸೋಮವಾರ)

ಹೋಗಿ ಬಂದೆ. ಐದೂವರೆ ಗಂಟೆ ಆಡಿದೆ. ವರದಿ ಕೇಳಿ.

ಶುರುವಿನಲ್ಲೇ ದೊಡ್ಡ ತಲೆಯ ಒಂದು ಭೂತ ಇದೆ. ಅದನ್ನು ಬಿಟ್ಟು ಮುಂದೆ ಹೋಗಬಹುದಂತೆ, ಕಲ್ಲಪ್ಪ ಹೇಳಲೇ ಇಲ್ಲ. ಹದಿನಾಲ್ಕು ಸಲ ಸತ್ತೆ, ಅವನು ಹಿಂದೆ ಕೂತು ಮೆಣಸಿನಕಾಯಿ ತಿನ್ನುತ್ತಾ ನಗುತ್ತಿದ್ದ. ಪ್ರತಿ ಸಲ ಸತ್ತಾಗಲೂ ಚಿಕ್ಕ ಗುಡಿ ಹತ್ತಿರ ಎದ್ದು ಅಲ್ಲಿಂದ ನಡೆದು ಬರಬೇಕು. ವಿಡಿಯೋದಲ್ಲಿ ನಾನು ಬೇಜಾರು ಅಂದುಕೊಂಡಿದ್ದ ಆ ನಡಿಗೆ ಇದೆಯಲ್ಲ, ಆಡುವಾಗ ಅದೇ ಉಸಿರು ತಗೊಳ್ಳುವ ಜಾಗ. ನಡೆಯುವಾಗಲೇ ತಲೆಯಲ್ಲಿ ಲೆಕ್ಕ ಓಡುತ್ತೆ, ಅವನು ಕೈ ಎತ್ತಿದಾಗ ತಕ್ಷಣ ಜಾರಬಾರದು, ಒಂದು ಕ್ಷಣ ತಡೆದು ಜಾರಬೇಕು ಅಂತ. ಹದಿನೈದನೇ ಸಲ ಬಿದ್ದ. ನಾನು ಕುರ್ಚಿಯಿಂದ ಎದ್ದು ಕೂಗಿದ್ದಕ್ಕೆ ಅವರ ಮನೆಯವರು ಒಳಗಿನಿಂದ ಓಡಿ ಬಂದರು.

ಅಧ್ಯಾಯ ಮುಗಿದಾಗ ಒಂದು ಸಣ್ಣ ಅನಿಮೇಷನ್ ಬರುತ್ತೆ, ಒಂದೊಂದು ಅಧ್ಯಾಯಕ್ಕೆ ಒಂದೊಂದು ಶೈಲಿ ಅಂತೆ. ನಾನು ನೋಡಿದ್ದು ಒಂದೇ. ಅದಕ್ಕಾಗಿಯೇ ಉಳಿದ ಐದೂ ಮುಗಿಸಬೇಕು ಅನಿಸಿತು. ಕಾಣದ ಗೋಡೆ ಮಾತ್ರ ಅವನು ಹೇಳಿದ್ದಕ್ಕಿಂತ ಜಾಸ್ತಿ ಕಿರಿಕಿರಿ. ಮೂಗು ಹೊಡೆಸಿಕೊಂಡಿದ್ದೇ ಬಂತು.

ಅಂಕ ಈಗ ಕೊಡಲ್ಲ. ಐದೂವರೆ ಗಂಟೆ ಆಡಿ ಕೊಟ್ಟರೆ ಅದೂ ಅರ್ಧವೇ. ನನ್ನ ವರ್ಷದ ಗೇಮ್ ಈಗಲೂ ಬಲಾಟ್ರೊನೇ, ವಾಪಸ್ ಬರುವಾಗ ಬಸ್ಸಿನಲ್ಲಿ ಎರಡು ಆಟ ಆಡಿದೆ. ಆರು ಅಂಕದ ಮಾತು ಮಾತ್ರ ವಾಪಸ್.

ಎರಡನೇಪಾಳಿ:

ಬಸ್ಸಿನಲ್ಲಿ ಎರಡೇ ಆಟನಾ?

ಮಂಡಕ್ಕಿಭಟ್ಟಿ:

ಇಳಿಯುವ ಸ್ಟಾಪ್ ದಾಟಿ ಹೋದೆ ಅಕ್ಕ.

ದುರ್ಗದಕಲ್ಲು:

ತಲೆ ಇಲ್ಲದವನ ಹಾಡು ಕೇಳಲಿಲ್ಲ ನೀನು. ಅಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ಕೂಗಿಕೊಳ್ಳೋಕೆ ಶುರು ಮಾಡಿತು. ಮುಂದಿನ ಭಾನುವಾರ ಅಲ್ಲಿಂದ. ಬೆಳಗ್ಗೆ ಮೇಷ್ಟ್ರು ಆ ಹುಡುಗನನ್ನು ಕೋಟೆ ಹತ್ತಿಸುತ್ತಾರಂತೆ, ನಾನೂ ಹೋಗುತ್ತಿದ್ದೇನೆ. ಎಂಟಕ್ಕೆ ಬಾಗಿಲ ಹತ್ತಿರ ಇರು.

ಐದನೇಸೆಮ್:

ಎಂಟಕ್ಕಾ? ಭಾನುವಾರ?